ಸಾವಿರ ದನದ ಬಂಗಲೆಯಲ್ಲಿ ಆರು ದಿನ

ಅಮೆರಿಕಕ್ಕೆ ಹೋಗಿ ಬಂದವನು ಎಂದು ಗೊತ್ತಾದ ಕೂಡಲೆ ದಾವಣಗೆರೆಯ ಮಂಡಿಪೇಟೆಯಲ್ಲಿ ಜನ ನನ್ನನ್ನು ನಿಲ್ಲಿಸಿ ಕೇಳುವುದು ಒಂದೇ ಪ್ರಶ್ನೆ. ಅಲ್ಲಿಯ ಕಟ್ಟಡಗಳು ನಮ್ಮ ಮಿಲ್ಲಿನ ಚಿಮಣಿಗಿಂತ ಎತ್ತರವೇ? ಎತ್ತರ ಸ್ವಾಮಿ, ಬಹಳ ಎತ್ತರ. ಕತ್ತೆತ್ತಿ ನೋಡಿ ನೋಡಿ ನನ್ನ ಕುತ್ತಿಗೆ ಉಳುಕಿದ್ದೂ ನಿಜ. ಆದರೆ ಆ ಕಟ್ಟಡಗಳು ನನಗೆ ಅರ್ಥವಾದವು. ಜಾಗ ಕಮ್ಮಿ, ಜನ ಹೆಚ್ಚು, ಅದಕ್ಕೇ ಒಂದರ ಮೇಲೊಂದು ಕಟ್ಟಿಕೊಂಡಿದ್ದಾರೆ. ನನಗೆ ಇವತ್ತಿನವರೆಗೂ ಅರ್ಥವಾಗದೆ ಉಳಿದಿರುವುದು ಮರುಭೂಮಿಯ ನಡುವೆ ಒಂಟಿಯಾಗಿ ನಿಂತಿದ್ದ ಒಂದು ಹಳೆಯ ಬಂಗಲೆ. ಎರಡೇ ಅಂತಸ್ತು. ಅದರಲ್ಲಿ ಆರು ದಿನ ಉಂಡು, ಮಲಗಿ, ಎದ್ದು ಬಂದೆ. ಅದರ ಕಥೆಯನ್ನೇ ಹೇಳುತ್ತೇನೆ. ಓದಿದವರಿಗೆ ಏನಾದರೂ ಬಗೆಹರಿದರೆ ನನಗೂ ಹೇಳಿ ಕಳಿಸಿ.

ಹರಿಹರ ಸ್ಟೇಷನ್

ನಾನು ಕೊಕ್ಕನೂರಿನ ರೈತ. ದಾವಣಗೆರೆಯಲ್ಲಿ ಹೈಸ್ಕೂಲು ಓದಿದ್ದರಿಂದ ಒಂದಿಷ್ಟು ಇಂಗ್ಲಿಷ್ ಬರುತ್ತದೆ. ಅದಕ್ಕಿಂತ ಚೆನ್ನಾಗಿ ದನದ ವಿಷಯ ಬರುತ್ತದೆ. ಸುಳಿ ನೋಡಿ, ತುಟಿ ಬಿಡಿಸಿ ಹಲ್ಲು ಎಣಿಸಿ ಎತ್ತು ಆರಿಸುವುದರಲ್ಲಿ ನಮ್ಮಪ್ಪನನ್ನು ಬಿಟ್ಟರೆ ಸುತ್ತ ಹತ್ತು ಹಳ್ಳಿಗೆ ನಾನೇ. ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳುವುದಿಲ್ಲವಲ್ಲ. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ಅವ್ವ, ನಾನು, ನನ್ನ ಹೆಂಡತಿ, ಒಂದು ಜೊತೆ ಎತ್ತು.

ನಮ್ಮ ರೈತರನ್ನು ಅಲ್ಲಿಗೂ ಅಲ್ಲಿಯ ರೈತರನ್ನು ಇಲ್ಲಿಗೂ ಕಳಿಸಿ ಒಬ್ಬರ ಬೇಸಾಯ ಒಬ್ಬರಿಗೆ ತೋರಿಸುವ ಯೋಜನೆಯೊಂದು ಆಗ ನಡೆದಿತ್ತು. ಬ್ಲಾಕ್ ಆಫೀಸಿನವರು ಅರ್ಜಿ ಹಾಕಿಸಿದರು. ನಾನು ಮರೆತೂ ಬಿಟ್ಟಿದ್ದೆ. ಒಂದು ದಿನ ಕರೆ ಬಂದೇಬಿಟ್ಟಿತು.

ಅವ್ವ ಹೊಳೆಯಲ್ಲಿ ಮುಳುಗು ಹಾಕಿ ಬರುತ್ತೇನೆಂದು ನನ್ನ ಜೊತೆ ಹರಿಹರದವರೆಗೆ ಬಂದಳು. ಅದು ನೆಪ ಎಂದು ನನಗೆ ಗೊತ್ತಿತ್ತು. ಪೂನಾ ಗಾಡಿ ಬರಲು ಇನ್ನೂ ಹೊತ್ತಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ನನ್ನನ್ನು ಕೂರಿಸಿಕೊಂಡು ಶುರು ಮಾಡಿದಳು.

“ಅಲ್ಲಿ ಮಾಂಸ ತಿನ್ನೋರು ಅದಾರಂತೆ. ನೀ ತಿನ್ನಂಗಿಲ್ಲ, ಅದು ನಂಗೊತ್ತೈತೆ. ಅದನ್ನ ಹೇಳಾಕ ಬಂದಿಲ್ಲ. ದನಾನ ಕಡಿಯೋರಿಗೆ ಕೊಡೋ ಮನ್ಯಾಗ ನೀರು ಕುಡಿಬ್ಯಾಡ ತಮ್ಮಾ. ಒಂದು ಗುಟುಕೂ ಬ್ಯಾಡ.”

“ಹೂಂ ಅವ್ವಾ.”

“ಹೂಂ ಅಂದ್ರ ಆಗಲ್ಲ. ಕೈ ಮ್ಯಾಲೆ ಕೈ ಹಾಕು. ಕುಡಿದು ಬಂದಿ ಅಂದ್ರ ನನ್ನ ಕೈಯಿಂದ ನಿನ್ನ ತಾಟಿಗೆ ರೊಟ್ಟಿ ಬೀಳಂಗಿಲ್ಲ. ಮಗ ಆದ್ರೇನು, ಯಾರಾದ್ರೇನು.”

ಇದು ಹೆದರಿಸುವ ಮಾತಲ್ಲ. ಅವ್ವ ಆಡಿದಂತೆ ಮಾಡುವವಳು. ಪಕ್ಕದ ಮನೆಯವರು ಮುದಿ ಎಮ್ಮೆಯೊಂದನ್ನು ಯಾರಿಗೋ ಕೊಟ್ಟರೆಂದು ಅವರ ಹಿತ್ತಲ ಬಾವಿಯ ನೀರನ್ನೇ ಬಿಟ್ಟು, ಆರು ವರ್ಷದಿಂದ ಊರಾಚೆಯ ಬಾವಿಯಿಂದ ಕೊಡ ಹೊತ್ತು ತರುತ್ತಿದ್ದಾಳೆ. ನಾನು ಕೈ ಮೇಲೆ ಕೈ ಹಾಕಿ ಮಾತು ಕೊಟ್ಟೆ. ಗಾಡಿ ಹೊಳೆಯ ಸೇತುವೆ ದಾಟುವಾಗ ಇದೇನು ಮಹಾ ಕಷ್ಟದ ಮಾತು ಎಂದುಕೊಂಡೆ. ಕಡಿಯುವವರ ಮನೆ ಯಾವುದು, ದನ ಸಾಕುವವರ ಮನೆ ಯಾವುದು ಎಂದು ತಿಳಿಯದಷ್ಟು ದಡ್ಡನೇ ನಾನು?

ಮರುಭೂಮಿ

ಬೊಂಬಾಯಿ, ವಿಮಾನ, ವಿಮಾನದಲ್ಲಿ ಕಿವಿ ಮುಚ್ಚಿಕೊಂಡದ್ದು, ಗೋಧಿಯ ಸೀಮೆ, ಮೆಕ್ಕೆಜೋಳದ ಸೀಮೆ ಇವನ್ನೆಲ್ಲ ಬಿಡುತ್ತೇನೆ. ಕೊನೆಗೆ ನನ್ನನ್ನು ಅರಿಜೋನಾ ಎಂಬ ಸೀಮೆಯಲ್ಲಿ ಇಳಿಸಿದರು. ಇಳಿದವನೇ ವಿಳಾಸದ ಚೀಟಿಯನ್ನು ಎರಡು ಸಲ ಓದಿದೆ. ಕಣ್ಣು ಹಾಯುವವರೆಗೆ ಕಲ್ಲು, ಮರಳು, ಕಳ್ಳಿ. ರೈತನನ್ನು ಇಲ್ಲಿಗೆ ಯಾಕೆ ಕಳಿಸಿದರು? ನಮ್ಮ ಬೇಲಿಯ ಕಳ್ಳಿ ಎದೆಯೆತ್ತರ ಬಂದರೆ ಹೆಚ್ಚು. ಅಲ್ಲಿಯ ಕಳ್ಳಿ ಅಡಿಕೆ ಮರದಷ್ಟು ಎತ್ತರ, ಎರಡೂ ಕೈ ಮೇಲೆತ್ತಿ ನಿಂತಿತ್ತು, ರಸ್ತೆಯಲ್ಲಿ ಪೊಲೀಸಿನವನು ಗಾಡಿ ನಿಲ್ಲಿಸಿದ ಹಾಗೆ.

ಕರೆದೊಯ್ಯಲು ಬಂದಿದ್ದವನು ಬಂಗಲೆಯ ದನಗಳ ಮೇಲ್ವಿಚಾರಕ, ಹೆಸರು ರಾಮೋನ್. ಮೆಕ್ಸಿಕೋ ಕಡೆಯವನು. ಅವನ ಇಂಗ್ಲಿಷೂ ನನ್ನಷ್ಟೇ. ಹಾಗಾಗಿ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದಿತು. ನಾನು ಅವನನ್ನು ರಾಮಣ್ಣ ಎಂದೆ. ಅವನು ನನ್ನ ಮಲ್ಲಿಕಾರ್ಜುನಪ್ಪ ಎಂಬ ಹೆಸರಿನ ಜೊತೆ ಸ್ವಲ್ಪ ಹೊತ್ತು ಗುದ್ದಾಡಿ ಕೊನೆಗೆ ‘ಮಲ್ಲಿ’ ಎಂದು ನಿಲ್ಲಿಸಿದ. ನಮ್ಮೂರಿನಲ್ಲಿ ಅದು ಹೆಣ್ಣುಮಕ್ಕಳ ಹೆಸರು ಎಂದು ನಾನು ಹೇಳಲು ಹೋಗಲಿಲ್ಲ. ಅಲ್ಲಿ ಆಡಿದ ಇಂಗ್ಲಿಷ್ ಮಾತುಗಳನ್ನು ನನಗೆ ತಿಳಿದ ಮಟ್ಟಿಗೆ ಕನ್ನಡದಲ್ಲೇ ಬರೆಯುತ್ತೇನೆ.

ಬಂಗಲೆಯ ಒಡತಿ ಎಪ್ಪತ್ತು ದಾಟಿದ ವಿಧವೆ. ಅವರನ್ನು ಅಜ್ಜಿ ಎಂದೇ ಕರೆದೆ. ಅರ್ಥ ಕೇಳಿ ತಿಳಿದುಕೊಂಡು, ತನಗೆ ಮೊಮ್ಮಕ್ಕಳಿಲ್ಲ, ಹಾಗೆ ಕರೆಯುವವರೂ ಇರಲಿಲ್ಲ ಎಂದು ನಕ್ಕರು. ಬಂಗಲೆಯ ಗೋಡೆ ಮುಟ್ಟಿ ನೋಡಿದೆ. ಮಣ್ಣು! ನಮ್ಮ ಕೊಕ್ಕನೂರಿನ ಮನೆಯದೇ ಜಾತಿ, ಹಸಿ ಇಟ್ಟಿಗೆ, ಎರಡು ಮೊಳ ದಪ್ಪ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ತಂಪು. ಆದರೆ ಆ ಮಣ್ಣಿನ ಗೋಡೆಯ ಒಳಗೆ ಆಳೆತ್ತರದ ಕನ್ನಡಿ, ಗಾಜಿನ ದೀಪದ ಗೊಂಚಲು, ಪಿಯಾನೋ. ಎಲ್ಲವನ್ನೂ ಅಜ್ಜಿಯ ಮಾವನವರು ಆ ಕಾಲದಲ್ಲಿ ಕುದುರೆ ಗಾಡಿಯಲ್ಲಿ ತರಿಸಿದ್ದಂತೆ.

“ಈ ಮನೆಯ ಒಂದೊಂದು ಇಟ್ಟಿಗೆಯನ್ನೂ ದನಗಳೇ ಕಟ್ಟಿಕೊಟ್ಟಿವೆ,” ಎಂದರು ಅಜ್ಜಿ.

ನನಗೆ ಮೈ ಜುಮ್ಮೆಂದಿತು. ನಮ್ಮ ಮನೆಯನ್ನು ಕಟ್ಟಿಕೊಟ್ಟದ್ದೂ ಎತ್ತುಗಳೇ. ಒಳ್ಳೆಯ ಕಡೆಗೇ ಬಂದೆ ಎಂದು ಧೈರ್ಯ ಬಂತು. ಅವರು ಕೊಟ್ಟ ತಣ್ಣನೆಯ ನೀರನ್ನು ಗಟಗಟ ಕುಡಿದೆ.

ಬರೆ

ಬಾಗಿಲ ಮೇಲೆ ಮರದಲ್ಲಿ ಕೆತ್ತಿದ ಒಂದು ಗುರುತಿತ್ತು. ಅರ್ಧಚಂದ್ರ, ಅದರ ಮೇಲೆ ಒಂದು ಅಡ್ಡಗೆರೆ. ಒಳಗೆ ಬೆಂಕಿಗೂಡಿನ ಮೇಲೂ ಅದೇ. ತಟ್ಟೆಯ ಅಂಚಿನಲ್ಲಿ ಅದೇ, ಚಮಚದ ಹಿಡಿಯಲ್ಲಿ ಅದೇ, ನನ್ನ ತಲೆದಿಂಬಿನ ಮೂಲೆಯಲ್ಲೂ ಅದೇ. ಶಿವನ ತಲೆಯ ಚಂದ್ರ ಈ ಮರಳುಗಾಡಿಗೆ ಹೇಗೆ ಬಂದನಪ್ಪಾ ಎಂದು ಕೈ ಮುಗಿದೆ. ತಮಗೇ ಮುಗಿದೆನೆಂದುಕೊಂಡು ಅಜ್ಜಿಯೂ ತಿರುಗಿ ಮುಗಿದರು.

ಮರುದಿನ ಬೆಳಿಗ್ಗೆ ಪೂರ್ವದ ಜಗಲಿಯಲ್ಲಿ ಲಿಂಗಪೂಜೆ ಮುಗಿಸಿಕೊಂಡು ರಾಮಣ್ಣನ ಜೊತೆ ದನ ನೋಡಲು ಹೋದೆ. ಮೈಯೆಲ್ಲ ಕೆಂಪು, ಮುಖ ಮಾತ್ರ ಸುಣ್ಣ ಬಳಿದಂತೆ ಬಿಳುಪು. ಒಂದಲ್ಲ, ಹತ್ತಲ್ಲ. ಸಾವಿರಕ್ಕೆ ಕಡಿಮೆ ಇಲ್ಲ ಎಂದ. ಹತ್ತಿರ ಹೋಗಿ ನೋಡಿದರೆ ಪ್ರತಿಯೊಂದರ ಎಡತೊಡೆಯ ಮೇಲೂ ಅದೇ ಅರ್ಧಚಂದ್ರ, ಅದೇ ಗೆರೆ. ಬಣ್ಣದಲ್ಲಿ ಬರೆದದ್ದಲ್ಲ. ಕಾದ ಕಬ್ಬಿಣದ ಬರೆ.

ನಮ್ಮಲ್ಲಿ ದನಕ್ಕೆ ಬರೆ ಹಾಕುವುದು ಬೇನೆ ಬಂದಾಗ. ಚಪ್ಪೆಬೇನೆ ಬಂದರೆ, ಕಾಲು ಸೆಟೆದರೆ, ಮೇವು ಬಿಟ್ಟರೆ ಬಲ್ಲವರು ಬಂದು ಕುಡುಗೋಲು ಕಾಸಿ ಎಳೆಯುತ್ತಾರೆ. ಊರಲ್ಲಿ ಒಂದೋ ಎರಡೋ ದನಕ್ಕೆ ಬರೆ ಇರುತ್ತದೆ. ಇಲ್ಲಿ ಒಂದನ್ನೂ ಬಿಡದೆ ಎಲ್ಲಕ್ಕೂ ಇದೆ ಎಂದರೆ ಎಂಥ ಭಾರಿ ಬೇನೆ ಬಂದಿರಬೇಕು!

“ಇದು ಯಾವಾಗ ಆದದ್ದು?” ಎಂದು ರಾಮಣ್ಣನನ್ನು ಕೇಳಿದೆ.

“ಕರುವಾಗಿದ್ದಾಗ.”

“ಎಲ್ಲಕ್ಕೂ?”

“ಎಲ್ಲಕ್ಕೂ. ಪ್ರತಿ ವರ್ಷ ಹೊಸ ಕರುಗಳಿಗೆ ಹಾಕುತ್ತೇವೆ.”

ಪ್ರತಿ ವರ್ಷ! ಬೇವಿನೆಣ್ಣೆ, ಅರಿಶಿನ, ಮೆಣಸಿನ ಕಷಾಯ, ನನಗೆ ಗೊತ್ತಿದ್ದ ಮದ್ದನ್ನೆಲ್ಲ ಅವನಿಗೆ ವಿವರಿಸಿದೆ. ಬರೆ ಹಾಕುವ ಮೊದಲು ಇವನ್ನು ಮಾಡಿ ನೋಡಿ ಎಂದೆ. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡು, ಬಹಳ ಮರ್ಯಾದೆಯಿಂದ ಪೂರ್ತಿ ಕೇಳಿದ. ಸಂಜೆ ಅಜ್ಜಿಯ ಬಳಿಯೂ ವಿಷಯ ಎತ್ತಿದೆ.

“ಆ ಗುರುತು ಇಲ್ಲದಿದ್ದರೆ ಈ ಮನೆಗೆ ಒಂದು ದನವೂ ಉಳಿಯುತ್ತಿರಲಿಲ್ಲ,” ಎಂದರು ಅಜ್ಜಿ, ಬೆಂಕಿಗೂಡಿನ ಕಡೆ ನೋಡುತ್ತ.

ಅಲ್ಲಿಗೆ ಎಲ್ಲ ಸ್ಪಷ್ಟವಾಯಿತು. ಹಿಂದೆ ಯಾವುದೋ ಮಾರಿಬೇನೆ ಬಂದು ದನ ಸತ್ತಿವೆ. ಮಾವನವರು ಹರಕೆ ಹೊತ್ತು ಬರೆ ಹಾಕಿಸಿದ್ದಾರೆ, ದನ ಉಳಿದಿವೆ. ಆ ಉಪಕಾರ ಮರೆಯದೆ ತಟ್ಟೆ ಚಮಚದ ಮೇಲೂ ಅದನ್ನು ಕೆತ್ತಿಸಿಕೊಂಡಿದ್ದಾರೆ. ನಿಜ ಏನೆಂದರೆ ಬೇಲಿಯಿಲ್ಲದ ಆ ಬಯಲಿನಲ್ಲಿ ದನಗಳ್ಳರು ಹೆಚ್ಚು. ಯಾರ ದನ ಯಾವುದು ಎಂದು ಗುರುತಿಸಲು ಒಂದೊಂದು ಮನೆಯವರು ಒಂದೊಂದು ಬರೆ ಇಟ್ಟುಕೊಂಡಿದ್ದರು. ಅದು ನನಗೆ ಗೊತ್ತಾದದ್ದು ಆಮೇಲೆ. ಆ ಹೊತ್ತಿಗೆ ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡು ಮಲಗಿದೆ.

ಶೀಸೆಯ ಹಾಲು

ಮೂರನೆಯ ದಿನದಿಂದ ತಲೆ ಕೆಡಲು ಶುರುವಾಯಿತು. ಸಾವಿರ ದನ ಇರುವ ಮನೆಯಲ್ಲಿ ಹಾಲು ಪೇಟೆಯಿಂದ ಶೀಸೆಯಲ್ಲಿ ಬರುತ್ತದೆ! ಲಾರಿಯಲ್ಲಿ ಬಂದು ಜಗಲಿಯ ಮೇಲೆ ಇಟ್ಟುಹೋಗುತ್ತಾರೆ. ಯಾಕೆ ಕರೆಯುವುದಿಲ್ಲ ಎಂದು ಕೇಳಿದರೆ, ಈ ದನ ಹಾಲಿಗಲ್ಲ ಎಂದ ರಾಮಣ್ಣ. ಸರಿ, ಹಾಲಿಗಲ್ಲ ಎಂದರೆ ದುಡಿಮೆಗೆ ಇರಬೇಕು. ಹೋರಿಕರುಗಳಿಗೆಲ್ಲ ಬೀಜ ಒಡೆದಿದ್ದರು, ಅದೂ ನಮ್ಮ ಹಾಗೇ. ಆದರೆ ಹೆಗಲ ಮೇಲೆ ಡುಬ್ಬವೇ ಇಲ್ಲ, ನೊಗ ಎಲ್ಲಿ ಇಡುತ್ತಾರೆ? ಮೂಗುದಾರವೂ ಇಲ್ಲ, ಹಿಡಿದು ತಿರುಗಿಸುವುದು ಹೇಗೆ? ಸುತ್ತ ನೋಡಿದರೆ ಒಂದು ನೇಗಿಲಿಲ್ಲ, ಒಂದು ಚಕ್ಕಡಿ ಇಲ್ಲ. ಸಗಣಿ ಬಿದ್ದಲ್ಲೇ ಒಣಗಿತ್ತು, ಬುಟ್ಟಿ ಹಿಡಿದು ಹೋಗುವವರು ಒಬ್ಬರೂ ಇಲ್ಲ.

ಪೇಟೆಯ ದಲ್ಲಾಳಿಗಳ ಹಾಗೆ ಇವರು ಎಳೆಗರು ಸಾಕಿ ದೂರದ ರೈತರಿಗೆ ಮಾರುವವರಿರಬೇಕು ಎಂದು ನಾನೇ ಒಂದು ತೀರ್ಮಾನಕ್ಕೆ ಬಂದೆ. ಪಳಗಿಸುವುದು ಕೊಂಡವರ ಕೆಲಸ.

ಇದನ್ನು ಓದುವ ಜಾಣರು ಈಗಾಗಲೇ ನಗುತ್ತಿರಬಹುದು. ಆ ದೇಶದವರು ದನ ತಿನ್ನುತ್ತಾರೆಂದು ನಿನಗೆ ಗೊತ್ತಿರಲಿಲ್ಲವೇ ಮಾರಾಯ ಎಂದು ಕೇಳಬಹುದು. ಗೊತ್ತಿತ್ತು. ಆದರೆ ಕಡಿಯುವವರ ಮನೆ ಎಂದರೆ ನನ್ನ ತಲೆಯಲ್ಲಿ ಊರಾಚೆಯ ಒಂದು ತಗಡಿನ ಗೂಡು. ಪಿಯಾನೋ ಇರುವ ಮನೆಗೂ ಅದಕ್ಕೂ ಸಂಬಂಧ ಇದ್ದೀತೆಂದು ಹೊಳೆಯಲೇ ಇಲ್ಲ. ಇನ್ನೊಂದು, ಆ ಮನೆಯ ಊಟದ ಮೇಜಿನ ಮೇಲೆ ನಾನು ಒಂದು ಚೂರು ಮಾಂಸವನ್ನೂ ಕಾಣಲಿಲ್ಲ. ಬೇಯಿಸಿದ ಕಾಳು, ಹುರಿದ ಮೆಣಸಿನಕಾಯಿ, ರಾಮಣ್ಣನ ಹೆಂಡತಿ ಅಂಗೈಯಲ್ಲೇ ತಟ್ಟಿ ಸುಡುತ್ತಿದ್ದ ಮೆಕ್ಕೆಜೋಳದ ರೊಟ್ಟಿ. ಮೊದಲ ತುತ್ತಿಗೇ ನಾನು ಕಣ್ಣು ಮುಚ್ಚಿದೆ. ಒಂದು ಚೂರು ಗುರೆಳ್ಳು ಪುಡಿ ಇದ್ದಿದ್ದರೆ ಕೊಕ್ಕನೂರೇ.

ಅವತ್ತೇ ಅವ್ವನಿಗೆ ಕಾಗದ ಬರೆದು ವಿಮಾನದ ಟಪಾಲಿಗೆ ಹಾಕಿಸಿದೆ. ಇಲ್ಲಿ ಒಬ್ಬ ಧರ್ಮಾತ್ಮ ಅಜ್ಜಿಯ ಮನೆಯಲ್ಲಿ ಇದ್ದೇನೆ, ಸಾವಿರ ದನ ಸಾಕಿದ್ದಾರೆ, ಮಾಂಸ ಮುಟ್ಟುವುದಿಲ್ಲ, ನಿನ್ನ ಮಾತು ಉಳಿಸಿಕೊಂಡಿದ್ದೇನೆ, ಚಿಂತೆ ಬೇಡ.

ನಾಲ್ಕನೆಯ ದಿನ

ನಾನು ದನದ ಗುಣದೋಷ ಬಲ್ಲ ಪಾರಖಿ ಎಂದು ರಾಮಣ್ಣ ಅಜ್ಜಿಗೆ ಹೇಳಿರಬೇಕು. ಕಂಬಗಳಿಂದ ಕಟ್ಟಿದ ದೊಡ್ಡ ದೊಡ್ಡಿಯೊಂದರಲ್ಲಿ ಅರವತ್ತೆಪ್ಪತ್ತು ಎಳೆಯ ಹೋರಿಗಳನ್ನು ಕೂಡಿದ್ದರು. ಅಜ್ಜಿ ಕೊಡೆ ಹಿಡಿದು ಬಂದು ಬೇಲಿಯ ಪಕ್ಕ ನಿಂತರು.

“ನಿಮ್ಮ ಕಣ್ಣಿಗೆ ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ, ನೋಡಿ ಹೇಳಿ,” ಎಂದರು.

ಪರದೇಶದಲ್ಲಿ ನನ್ನ ವಿದ್ಯೆಯನ್ನು ಕೇಳಿದವರು ಇವರೇ ಮೊದಲು. ಪಂಚೆ ಮೇಲೆ ಕಟ್ಟಿ ಒಳಗೆ ಇಳಿದೆ. ಅಪ್ಪ ಹೇಳಿಕೊಟ್ಟಂತೆ ಮೊದಲು ಹಿಂದಿನಿಂದ ನಡಿಗೆ ನೋಡಿದೆ, ಆಮೇಲೆ ಬೆನ್ನು, ಗೊರಸು. ಹಲ್ಲು ನೋಡಲು ಹೋದಾಗ ಒಂದು ನನ್ನನ್ನು ಬೇಲಿಗೆ ಒತ್ತಿಬಿಟ್ಟಿತು. ರಾಮಣ್ಣ ಎಳೆದು ಬಿಡಿಸಿದ. ಆದರೂ ಬಿಡಲಿಲ್ಲ. ಹಣೆಯ ಸುಳಿ ನಟ್ಟನಡುವೆ ಒಂದೇ ಇರಬೇಕು, ಬೆನ್ನಿನ ಸುಳಿ ಹಿಂದಕ್ಕೆ ತಿರುಗಿರಬಾರದು. ಅಷ್ಟು ದನಗಳಲ್ಲಿ ಒಂದೂ ದೋಷವಿಲ್ಲದವು ಮೂರು ಮಾತ್ರ ಸಿಕ್ಕವು. ಅದರಲ್ಲೂ ಒಂದು, ಮುಂಗಾಲಿಗೆ ಬಿಳಿ ಕಡಗ ತೊಡಿಸಿದಂತಿದ್ದದ್ದು, ನನ್ನ ಕೈಯನ್ನು ಮೂಸಿ ನಿಂತೇಬಿಟ್ಟಿತು.

“ಈ ಮೂರು,” ಎಂದೆ. “ಇವು ಇದ್ದ ಮನೆಗೆ ಕೇಡಿಲ್ಲ.”

ಅಜ್ಜಿ ಸಂತೋಷಪಟ್ಟರು. ರಾಮಣ್ಣ ಮೂರರ ಬೆನ್ನ ಮೇಲೂ ನೀಲಿ ಸೀಮೆಸುಣ್ಣದಿಂದ ಗೀಟು ಎಳೆದ. ನಾನು ಅವನ್ನು ಕೊಟ್ಟಿಗೆಗೆ ಉಳಿಸಿಕೊಳ್ಳುತ್ತಾರೆ ಎಂದು ತಿಳಿದು, ಬಿಳಿ ಕಡಗದ ಬೆನ್ನು ತಟ್ಟಿ ಬಂದೆ.

ಐದನೆಯ ದಿನ

ಬೆಳಿಗ್ಗೆ ದೊಡ್ಡ ಲಾರಿ ಬಂತು. ಹಲಗೆ ಇಳಿಜಾರು ಮಾಡಿ ದನಗಳನ್ನು ಏರಿಸುತ್ತಿದ್ದರು. ಮೊಟ್ಟಮೊದಲು ನೀಲಿ ಗೀಟಿನ ಮೂರು.

“ಇವನ್ನು ಯಾರು ಕೊಂಡರು?” ಎಂದೆ. ನನಗೆ ಸ್ವಲ್ಪ ಬೇಜಾರಾಗಿತ್ತು. “ಇವು ಇದ್ದ ಮನೆಗೆ ಕೇಡಿಲ್ಲ ಎಂದಿದ್ದೆನಲ್ಲ. ಯಾವ ರೈತ?”

ರಾಮಣ್ಣನಿಗೆ ನನ್ನ ಪ್ರಶ್ನೆ ತಿಳಿಯಲಿಲ್ಲ. ಎರಡು ಸಲ ಕೇಳಿದೆ. ಕೊನೆಗೆ ಅವನು ನನ್ನ ಮುಖವನ್ನು ದಿಟ್ಟಿಸಿ ನೋಡಿ, ಹೆಬ್ಬೆರಳನ್ನು ತನ್ನ ಗಂಟಲ ಮೇಲೆ ಅಡ್ಡಕ್ಕೆ ಎಳೆದು ತೋರಿಸಿದ.

“ಎಲ್ಲವೂ?” ಎಂದೆ.

“ಎಲ್ಲವೂ. ಮೊದಲಿಂದಲೂ. ಇದೇ ಅಲ್ಲವೇ ಈ ಮನೆಯ ವ್ಯಾಪಾರ? ಒಳ್ಳೆಯವನ್ನು ಮೊದಲು ಕಳಿಸುತ್ತೇವೆ. ನೀವು ಚೆನ್ನಾಗಿ ಆರಿಸಿದಿರಿ.”

ಬಿಳಿ ಕಡಗದ್ದು ಹಲಗೆಯ ಮೇಲೆ ಕಾಲಿಡಲು ಒಲ್ಲೆನೆಂದು ನಿಂತಿತ್ತು. ಹಿಂದಿನಿಂದ ದೂಡಿದರು. ಏರಿತು. ಅಷ್ಟು ದನಗಳಲ್ಲಿ ಅದನ್ನು ಹುಡುಕಿ ತೆಗೆದವನು ನಾನು.

ಜಗಲಿಗೆ ಹೋಗಿ ಕುಳಿತೆ. ನಾಲ್ಕು ದಿನದ ನೀರನ್ನು ಹೊಟ್ಟೆಯಿಂದ ತೆಗೆಯುವುದು ಹೇಗೆ? ಕುಡಿದದ್ದಷ್ಟೇ ಅಲ್ಲ. ನಾಲ್ಕು ಬೆಳಗು ನನ್ನ ಲಿಂಗಕ್ಕೆ ಎರೆದ ನೀರೂ ಅದೇ ಮನೆಯದು. ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಅಜ್ಜಿ ಏನನ್ನೂ ಮುಚ್ಚಿಟ್ಟಿರಲಿಲ್ಲ. ನನಗೆ ಗೊತ್ತೇ ಇದೆ ಎಂದುಕೊಂಡಿದ್ದರು. ಇನ್ನೂ ಒಂದು ವಿಷಯವನ್ನು ನನ್ನ ಹಿಂದೆಯೇ ಬಂದ ರಾಮಣ್ಣ ಆಗ ಹೇಳಿದ. ಬರುವ ಅತಿಥಿ ಮಾಂಸ ಮುಟ್ಟುವವನಲ್ಲ ಎಂದು ಕಾಗದದಲ್ಲಿ ಓದಿ, ನಾನಿರುವ ಆರು ದಿನ ಯಾರೂ ತಿನ್ನಕೂಡದೆಂದು ಅಜ್ಜಿ ಮನೆಗೆಲ್ಲ ಹೇಳಿದ್ದರಂತೆ. ಎಪ್ಪತ್ತು ವರ್ಷ ದಾಟಿದ ಆ ಮುದುಕಿ ನನಗಾಗಿ ತನ್ನ ಊಟ ಬಿಟ್ಟು ಕಾಳು ತಿಂದಿದ್ದಳು. ಈ ಮನೆಯ ಮೇಲೆ ಸಿಟ್ಟಾಗಲೋ, ಇದರ ಕಾಲಿಗೆ ಬೀಳಲೋ?

ನೀರು ಮುಟ್ಟುವುದಿಲ್ಲ ಎಂದು ನಿರ್ಧರಿಸಿದೆ. ಅಲ್ಲಿಂದ ಇನ್ನೊಂದು ಮನೆಗೆ ಇಪ್ಪತ್ತು ಮೈಲಿ. ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಸ್ವಲ್ಪ ದೂರದಲ್ಲಿ ಗಾಳಿಗೆ ತಿರುಗುವ ಚಕ್ರವೊಂದು ಭೂಮಿಯಿಂದ ನೀರೆತ್ತಿ ದನಗಳ ಬಾನಿಗೆ ಸುರಿಯುತ್ತಿತ್ತು. ನಾನು ವಾದ ಹೂಡಿದೆ. ನೆಲ ಶಿವನದು, ಗಾಳಿ ಶಿವನದು, ನೀರು ದನಗಳದು. ಇದರಲ್ಲಿ ಮನೆ ಎಲ್ಲಿ ಬಂತು? ಹೋಗಿ ಬಾನಿಯ ಪಕ್ಕ ಕೂತೆ. ಕೆಂಪು ದನಗಳು ನನ್ನ ಎರಡೂ ಕಡೆ ಮೂತಿ ಇಟ್ಟು ಕುಡಿಯುತ್ತಿದ್ದವು. ನಾನು ನಳಿಗೆಗೆ ಬೊಗಸೆ ಒಡ್ಡಿದೆ. ಒಡ್ಡಿದರೆ ನಳಿಗೆಯ ಕಬ್ಬಿಣದ ಮೇಲೂ ಅರ್ಧಚಂದ್ರ, ಅಡ್ಡಗೆರೆ. ಬೊಗಸೆ ಬಿಟ್ಟು ಎದ್ದೆ.

ಸಂಜೆ ಬಿಸಿಲು ಇಳಿದ ಮೇಲೆ ಅಜ್ಜಿ ಒಂದು ಗಾಜಿನ ಲೋಟದಲ್ಲಿ ನೀರು ಹಿಡಿದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ನಾನು ಎಲ್ಲವನ್ನೂ ಹೇಳಿದೆ. ಅವ್ವ, ಹರಿಹರ ಸ್ಟೇಷನ್, ಕೈ ಮೇಲೆ ಕೈ. ಅವರು ನೊಂದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ನೊಂದುಕೊಳ್ಳಲಿಲ್ಲ.

“ನಿಮ್ಮ ತಾಯಿ ಒಳ್ಳೆಯವರು,” ಎಂದರು. ಆಮೇಲೆ ಕೇಳಿದರು, “ನಿಮ್ಮಲ್ಲಿ ಎತ್ತು ಎಷ್ಟು ವರ್ಷ ದುಡಿಯುತ್ತದೆ?”

“ಹತ್ತು ಹನ್ನೆರಡು.”

“ಆಮೇಲೆ?”

“ಸಂತೆಯಲ್ಲಿ ಕೊಡುತ್ತೇವೆ.”

“ದುಡಿಯಲಾರದ ಎತ್ತನ್ನು ಯಾರು ಕೊಳ್ಳುತ್ತಾರೆ?”

“ಗಾಣದವರು ಕೊಳ್ಳುತ್ತಾರೆ. ನಮ್ಮಪ್ಪ ನಮ್ಮ ಹಳೆಯ ಜೊತೆಯನ್ನು ಗಾಣದವರಿಗೇ ಕೊಟ್ಟದ್ದು. ಎಣ್ಣೆ ತೆಗೆಯುವ ಗಾಣವನ್ನು ಎತ್ತು ಸುತ್ತುತ್ತದೆ.”

ಅವರಿಗೆ ಗಾಣ ಎಂದರೇನೆಂದು ತಿಳಿಯಲಿಲ್ಲ. ಜಗಲಿಯ ಮರಳಿನಲ್ಲಿ ಬೆರಳಿನಿಂದ ಬರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು.

“ಇದು ದಿನವೆಲ್ಲ ಸುತ್ತಬೇಕಲ್ಲ,” ಎಂದರು. “ನಡೆಯಲಾರದ ಎತ್ತನ್ನು ಅವರು ಏನು ಮಾಡುತ್ತಾರೆ?”

ಕುಹಕದಿಂದ ಕೇಳಿದ್ದಲ್ಲ. ದನ ಸಾಕಿದ ಹೆಂಗಸು, ನಿಜಕ್ಕೂ ತಿಳಿದುಕೊಳ್ಳಲೆಂದೇ ಕೇಳಿದರು. ಹುಟ್ಟಿದಾಗಿನಿಂದ ದನದ ನಡುವೆ ಬೆಳೆದವನು, ಸಂತೆ ಸಂತೆ ತಿರುಗಿದವನು, ಈ ಒಂದು ಪ್ರಶ್ನೆಯನ್ನು ನಾನು ಯಾರನ್ನೂ ಕೇಳಿರಲಿಲ್ಲ. ಅಪ್ಪನನ್ನೂ ಕೇಳಿರಲಿಲ್ಲ. ಆ ಜೊತೆಯಲ್ಲಿ ಒಂದಕ್ಕೆ ಹಿಂಗಾಲು ಊರಲೂ ಆಗುತ್ತಿರಲಿಲ್ಲ.

ಅಜ್ಜಿ ಲೋಟವನ್ನು ನಮ್ಮಿಬ್ಬರ ನಡುವೆ ಇಟ್ಟರು. ಕೊನೆಗೆ ನಾನೇ ಅದನ್ನು ಎತ್ತಿಕೊಂಡು ಕುಡಿದೆ. ಮೊದಲ ನಾಲ್ಕು ದಿನ ಕುಡಿದದ್ದು ಗೊತ್ತಿಲ್ಲದೆ. ಇದನ್ನು ಗೊತ್ತಿದ್ದೇ ಕುಡಿದೆ. ಯಾಕೆ ಕುಡಿದೆ ಎಂದು ಆಗ ತಿಳಿದಿರಲಿಲ್ಲ.

ಮರುದಿನ ಹೊರಡುವಾಗ ಅಜ್ಜಿ ದಾರಿಗೆಂದು ರೊಟ್ಟಿ ಕಟ್ಟಿಸಿಕೊಟ್ಟರು. ತೆಗೆದುಕೊಂಡೆ.

ಕೊಕ್ಕನೂರು

ತಿರುಗಿ ಬರುವ ದಾರಿಯುದ್ದಕ್ಕೂ ಸುಳ್ಳುಗಳನ್ನು ಹೊಸೆಯುತ್ತ ಬಂದೆ. ಹರಿಹರದಲ್ಲಿ ಇಳಿಯುವ ಹೊತ್ತಿಗೆ ಮೂರ್ನಾಲ್ಕು ಒಳ್ಳೆಯ ಸುಳ್ಳುಗಳು ತಯಾರಾಗಿದ್ದವು. ಮನೆಗೆ ಬಂದು ನೋಡಿದರೆ ನನ್ನ ಸುಳ್ಳು ನನಗಿಂತ ಮೊದಲೇ ಬಂದು ಕೂತಿತ್ತು. ನನ್ನ ಕಾಗದವನ್ನು ಅವ್ವ ಮೇಷ್ಟ್ರಿಂದ ಓದಿಸಿ ಕೇಳಿ, ಊರಿಗೆಲ್ಲ ಹೇಳಿಬಿಟ್ಟಿದ್ದಳು.

“ಸಾವಿರ ದನ ಸಾಕಿದ ಮಹಾತಾಯಿ ಅಂತ್ರಿ, ಮಾಂಸನೇ ಮುಟ್ಟಂಗಿಲ್ಲಂತೆ,” ಎಂದು ನೋಡಲು ಬಂದವರಿಗೆಲ್ಲ ಹೇಳುತ್ತಿದ್ದಳು. “ಆ ದೇಶದಾಗೂ ಅಂಥೋರು ಅದಾರ ನೋಡ್ರಿ.”

ನಾನು ಹೂಂಗುಟ್ಟಿದೆ. ಜನ ಹೋದರು. ಹೆಂಡತಿ ಹೊಲಕ್ಕೆ ಬುತ್ತಿ ಒಯ್ದಿದ್ದಳು. ಅವ್ವ ತಾಟು ಇಟ್ಟು, ಹಂಚಿನಿಂದ ಬಿಸಿ ರೊಟ್ಟಿ ಎತ್ತಿದಳು. ಆಗ ತಡೆಯಲಾಗಲಿಲ್ಲ.

“ಅವ್ವಾ, ನೀಡಬ್ಯಾಡ. ಮೊದಲು ಕೇಳು.”

ಎಲ್ಲ ಹೇಳಿದೆ. ಬರೆ, ಶೀಸೆಯ ಹಾಲು, ನಾನು ಸುಳಿ ನೋಡಿ ಆರಿಸಿದ ಮೂರು. ರೊಟ್ಟಿ ಅವಳ ಕೈಯಲ್ಲೇ ಇತ್ತು.

“ಗೊತ್ತಿಲ್ಲದ ಕುಡಿದದ್ದು ಕುಡಿದಂಗಲ್ಲ,” ಎಂದಳು ಮೆಲ್ಲಗೆ.

“ಕೊನೀಗೆ ಗೊತ್ತಿದ್ದೇ ಕುಡಿದೆ ಅವ್ವಾ.”

“ಯಾಕ?”

“ಆ ಅಜ್ಜಿ ಒಂದು ಮಾತು ಕೇಳಿದ್ಲು. ನಡಿಯಾಕ ಬರದ ಎತ್ತನ್ನ ಗಾಣದೋರು ಏನು ಮಾಡ್ತಾರ ಅಂತ. ನನಗ ಹೇಳಾಕ ಬರಲಿಲ್ಲ. ನಮ್ಮ ಹಳೇ ಜೊತೀನ ಅಪ್ಪ ಗಾಣದೋರಿಗೆ ಕೊಟ್ನಲ್ಲ, ಅದು ಯಾವ ಊರಿನ ಗಾಣ? ಹೇಳು. ಹೋಗಿ ಕೇಳಿ ಬರ್ತೀನಿ.”

ಅವ್ವ ಒಲೆಯ ಕಡೆ ತಿರುಗಿದಳು. ಉರಿಯುತ್ತಿದ್ದ ಕಟ್ಟಿಗೆಯನ್ನು ಹೊರಗೆಳೆದು ನೀರು ಚಿಮುಕಿಸಿದಳು. ಹಂಚಿನ ಮೇಲಿದ್ದ ಇನ್ನೊಂದು ರೊಟ್ಟಿ ಸೀದ ವಾಸನೆ ಬರುತ್ತಿತ್ತು, ಅದನ್ನು ತೆಗೆಯಲಿಲ್ಲ.

“ಯಾವ ಊರಿಂದೂ ಅಲ್ಲ,” ಎಂದಳು. “ನಿಮ್ಮಪ್ಪ ಅವನ್ನ ಹೊಡಕಂಡು ಸಂತಿಗೆ ಹೊಂಟಾಗ ನಾನೇ ಹೇಳಿದ್ದೆ. ಯಾರಿಗಾರ ಕೊಡ್ರಿ, ನನ್ನ ಮುಂದ ಮಾತ್ರ ಗಾಣದೋರಿಗೆ ಕೊಟ್ಟೆ ಅನ್ರಿ ಅಂತ. ಹಂಗೇ ಅಂದ್ರು. ಸಾಯೋ ತನಕ ಹಂಗೇ ಅಂದ್ರು ಪಾಪ.”

“ಮತ್ತ ನನ್ನ ಕೈಲಿ ಯಾಕ ಮಾತು ತಗಂಡಿ ಅವ್ವಾ?”

“ಈ ಮನ್ಯಾಗ ನೀ ಒಬ್ಬನಾದ್ರೂ ತಪ್ಪದೇ ಇರಲಿ ಅಂತ.”

ಅಷ್ಟು ಹೇಳಿ ಕೈಯಲ್ಲಿದ್ದ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು, ಪಲ್ಯ ಬಡಿಸಿದಳು, ಪಕ್ಕಕ್ಕೆ ನೀರಿನ ತಂಬಿಗೆ ಇಟ್ಟಳು. ನಾನು ಉಂಡು ಏಳುವವರೆಗೂ ಎದುರಿಗೇ ಕುಳಿತಿದ್ದಳು. ಅವತ್ತು ಅವಳು ಊಟ ಮಾಡಲಿಲ್ಲ.